ರಸಲ್ ಫ್ಲಿಂಟ್ ಪ್ರಿಂಟ್ ಕೊಳ್ಳುವಾಗ: ಸಹಿ ಇರೋದು ಬೇಕಾ, ಇಲ್ಲದ್ದೇ ಸಾಕಾ?

ಹೋದ ತಿಂಗಳು ಮ್ಯಾಂಚೆಸ್ಟರ್‌ನಲ್ಲಿರುವ ಹಳೆಯ ರೂಮ್‌ಮೇಟ್ ಫೋನ್ ಮಾಡಿದ್ದ. ಯಾವುದೋ ಹರಾಜಿನ ಕ್ಯಾಟಲಾಗ್ ಮುಂದಿಟ್ಟುಕೊಂಡು ಕೂತಿದ್ದ. ಅದರಲ್ಲಿ ರಸಲ್ ಫ್ಲಿಂಟ್ ಅನ್ನೋ ಸ್ಕಾಟ್ಲೆಂಡಿನ ಜಲವರ್ಣ ಕಲಾವಿದನ ಪ್ರಿಂಟ್‌ಗಳಿದ್ದವು. "ಮೂರು ರಸಲ್ ಫ್ಲಿಂಟ್ ಇವೆ ಮಾರಾಯ. ಒಂದಕ್ಕೆ ಪೆನ್ಸಿಲ್ ಸಹಿ ಇದೆ. ಇನ್ನೊಂದಕ್ಕೆ ಸಹಿ ಇಲ್ಲ, ಬರೀ ಉಬ್ಬು ಮುದ್ರೆ. ಮೂರನೇದು ಅಂಗೈ ಅಗಲದ್ದು, ಬಣ್ಣನೇ ಇಲ್ಲ. ಮೂರೂ ಮುನ್ನೂರು ಪೌಂಡಿನ ಒಳಗೆ ಬರಬಹುದು. ಯಾವುದಕ್ಕೆ ಕೈ ಎತ್ತಲಿ?"

ಬಣ್ಣ ಇಲ್ಲದ್ದಕ್ಕೆ ಎತ್ತು ಅಂದೆ. ಅವನಿಗೆ ಬೇಜಾರಾಯಿತು. ಫ್ಲಿಂಟ್ ಅಂದರೇನೇ ಬಣ್ಣ, ಜಲವರ್ಣದ ಮನುಷ್ಯ, ಕಪ್ಪು ಬಿಳುಪು ಯಾಕೆ ತಗೊಳ್ಲಿ ಅಂತ ವಾದಕ್ಕಿಳಿದ. ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರೂ ಮುಗಿಯಲಿಲ್ಲ. ಹಾಗಾಗಿ ಇಲ್ಲಿ ಬರೆದು ಇಡುತ್ತಿದ್ದೇನೆ. ಇಂಗ್ಲೆಂಡ್, ಸ್ಕಾಟ್ಲೆಂಡಿನಲ್ಲಿರುವ ನಮ್ಮವರು ಹಳೆ ಸಾಮಾನಿನ ಅಂಗಡಿಗೆ ಹೋದರೆ ಈ ಹೆಸರು ಕಣ್ಣಿಗೆ ಬಿದ್ದೇ ಬೀಳುತ್ತೆ. ಊರಿಗೆ ಬರುವಾಗ ಒಂದು ತರೋಣ ಅಂತ ಅನಿಸೋದೂ ಸಹಜ.

ಮೊದಲು ನಾನು ಮೋಸ ಹೋದ ಕತೆ ಹೇಳಿಬಿಡುತ್ತೇನೆ. ಮೋಸ ಅನ್ನೋದೂ ಪೂರ್ತಿ ಸರಿಯಲ್ಲ. ಅಲ್ಲಿದ್ದಾಗ ಒಂದು ಸಣ್ಣ ಊರಿನ ಅಂಗಡಿಯಲ್ಲಿ ಸ್ಪೇನಿನ ನರ್ತಕಿಯರ ಚಿತ್ರ ನೋಡಿದೆ. ಚೀಟಿಯಲ್ಲಿ 'ಸಹಿ ಇದೆ' ಅಂತ ಬರೆದಿತ್ತು. ಸಹಿ ಇತ್ತು ಕೂಡ, ಚಿತ್ರದ ಕೆಳಗಿನ ಮೂಲೆಯಲ್ಲಿ, ದೊಡ್ಡಕ್ಷರಗಳಲ್ಲಿ. ದುಡ್ಡು ಕೊಟ್ಟು ಬಸ್ಸಿನಲ್ಲಿ ತಬ್ಬಿಕೊಂಡು ತಂದೆ. ರಾತ್ರಿ ಟೇಬಲ್ ಲ್ಯಾಂಪ್ ಕೆಳಗೆ ಭೂತಗನ್ನಡಿ ಹಿಡಿದೆ. ಸಹಿಯ ಅಕ್ಷರಗಳೇ ಚುಕ್ಕಿ ಚುಕ್ಕಿ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸೇರಿ ಒಂದು ಕಂದು ಗೆರೆ. ಮೂಲ ಚಿತ್ರದ ಮೇಲೆ ಫ್ಲಿಂಟ್ ಹಾಕಿದ್ದ ಸಹಿ ಚಿತ್ರದ ಜೊತೆಗೇ ಅಚ್ಚಾಗಿತ್ತು, ಅಷ್ಟೇ. ನಮ್ಮ ಮನೆ ಕ್ಯಾಲೆಂಡರಿನ ದೇವರ ಪಟದ ಮೂಲೆಯಲ್ಲೂ ಕಲಾವಿದನ ಹೆಸರು ಇರುತ್ತಲ್ಲ, ಹಾಗೆ.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಎಲ್ಲಿ ಸಹಿ ಇದೆ ಅಂತ ನಾನೇ ಕೇಳಿರಲಿಲ್ಲ.

ಲಿಥೋ ಪ್ರೆಸ್ಸಿನ ಹುಡುಗ

ಪ್ರಿಂಟ್ ಆರಿಸೋಕೆ ಕಲಾವಿದನ ಬದುಕು ಯಾಕೆ ಬೇಕು ಅಂತ ಕೇಳಬಹುದು. ಬೇರೆಯವರ ವಿಷಯದಲ್ಲಿ ಬೇಡದಿರಬಹುದು. ಫ್ಲಿಂಟ್ ವಿಷಯದಲ್ಲಿ ಬೇಕು, ಯಾಕಂದರೆ ಈ ಮನುಷ್ಯ ಶುರು ಮಾಡಿದ್ದೇ ಅಚ್ಚುಕೂಟದಲ್ಲಿ.

ವಿಲಿಯಂ ರಸಲ್ ಫ್ಲಿಂಟ್ ಹುಟ್ಟಿದ್ದು 1880ರ ಏಪ್ರಿಲ್ 4ರಂದು, ಎಡಿನ್‌ಬರೋದಲ್ಲಿ. ಅಪ್ಪನೂ ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದವರು. 14 ತುಂಬಿದಾಗ ಹುಡುಗನನ್ನು ಲಿಥೋ ಕೆಲಸ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕೋ ಕೆಲಸ, ಕಲಿಯೋಕೆ ಬಿಟ್ಟರು. 1894ರಿಂದ 1900ರವರೆಗೆ ಆರು ವರ್ಷ ಅದೇ ಕೆಲಸ, ಜೊತೆಗೆ ಕಲಾಶಾಲೆಯ ಪಾಠ. ಕಲ್ಲಿನ ಲಿಥೋದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದು ಮುಖದ ಬಣ್ಣ ತರೋಕೆ ಯಾವ ಕಲ್ಲಿನಲ್ಲಿ ಎಷ್ಟು ಚುಕ್ಕಿ ಇಡಬೇಕು ಅಂತ ಕೈಯಲ್ಲೇ ಲೆಕ್ಕ ಹಾಕಬೇಕು. ಸುಮ್ನೆ ಒಂದು ಮಾತು: ರಾಜಾ ರವಿವರ್ಮ ಬೊಂಬಾಯಿಯಲ್ಲಿ ಪ್ರೆಸ್ ಶುರು ಮಾಡಿದ್ದೂ ಅದೇ 1894ರಲ್ಲಿ. ನಮ್ಮಜ್ಜಿ ಮನೆಯ ನಡುಮನೆಯಲ್ಲಿ ಹೊಗೆ ಹಿಡಿದು ಕೂತಿದ್ದ ಸರಸ್ವತಿ ಪಟ ಮತ್ತು ಎಡಿನ್‌ಬರೋದ ಆ ಹುಡುಗನ ಕೆಲಸ, ಎರಡೂ ಒಂದೇ ಕಸುಬಿನವು.

ಆಮೇಲೆ ಲಂಡನ್. ಎರಡು ವರ್ಷ ವೈದ್ಯಕೀಯ ಚಿತ್ರಗಳನ್ನು ಬರೆದರು. ಸಂಜೆ ಹೀದರ್ಲಿ ಕಲಾಶಾಲೆ. 1903ರಿಂದ 1907ರವರೆಗೆ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಗೆ ಚಿತ್ರಗಳು. ಅದು ಮುಗಿದ ಮೇಲೆ ಮೆಡಿಚಿ ಸೊಸೈಟಿ ಅನ್ನೋ ಪ್ರಕಾಶಕರ ದುಬಾರಿ ಪುಸ್ತಕಗಳಿಗೆ ಬಣ್ಣದ ಪುಟಗಳು. ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯ ಪರವಾಗಿ ವಾಯುನೌಕೆಗಳ ಉಸ್ತುವಾರಿ ನೋಡಿಕೊಂಡರು. ಜಲವರ್ಣದವನಿಗೂ ವಾಯುನೌಕೆಗೂ ಏನು ಸಂಬಂಧವೋ, ಯುದ್ಧ ಯಾರನ್ನು ಎಲ್ಲಿಗೆ ಎಸೆಯುತ್ತೋ ಹೇಳೋಕಾಗಲ್ಲ.

ಮುಂದಿನದ್ದು ಏರುಗತಿ. 1933ರಲ್ಲಿ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯ. 1936ರಿಂದ 1956ರವರೆಗೆ, ಇಪ್ಪತ್ತು ವರ್ಷ, ಜಲವರ್ಣ ಕಲಾವಿದರ ರಾಯಲ್ ಸೊಸೈಟಿಯ ಅಧ್ಯಕ್ಷ. 1947ರಲ್ಲಿ 'ಸರ್' ಪದವಿ. 1953ರಿಂದ ಸಿಸಿಲಿಯಾ ಗ್ರೀನ್ ಎಂಬಾಕೆ ಮುಖ್ಯ ಮಾಡೆಲ್. 1962ರಲ್ಲಿ, ಇನ್ನೂ ಬದುಕಿರುವಾಗಲೇ, ರಾಯಲ್ ಅಕಾಡೆಮಿಯ ಡಿಪ್ಲೊಮಾ ಗ್ಯಾಲರಿಯಲ್ಲಿ ಅವರ ಜೀವಮಾನದ ಕೆಲಸದ ಪ್ರದರ್ಶನ ನಡೆಯಿತು. 1969ರ ಡಿಸೆಂಬರ್ ಕೊನೆಯಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಈ 1969 ಅನ್ನೋ ಇಸವಿ ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತೆ.

ಜನಕ್ಕೆ ಇಷ್ಟ, ವಿಮರ್ಶಕರಿಗೆ ಕಷ್ಟ, ಇದು ಫ್ಲಿಂಟ್ ಹಣೆಬರಹ. ಸ್ಪೇನಿನ ನರ್ತಕಿಯರು, ಫ್ರಾನ್ಸಿನ ಹೊಳೆ ದಂಡೆಯ ಬಟ್ಟೆ ಒಗೆಯುವ ಹೆಂಗಸರು, ಅರೆಬೆತ್ತಲೆ, ಪೂರ್ತಿ ಬೆತ್ತಲೆ. ಅಗ್ಗದ ಶೃಂಗಾರ ಅಂತ ವಿಮರ್ಶಕರು ಮೂಗು ಮುರಿದರು. ನನ್ನ ಅಭಿಪ್ರಾಯ ಕೇಳಿದರೆ, ಅವರ ಹೆಂಗಸರಿಗಿಂತ ಅವರ ಗೋಡೆಗಳು ಚೆನ್ನ. ಹೆಂಗಸರ ಮುಖಗಳು ಹತ್ತು ಚಿತ್ರ ನೋಡುವಷ್ಟರಲ್ಲಿ ಒಂದೇ ಥರ ಅನಿಸುತ್ತವೆ. ಆದರೆ ಅವರ ಹಿಂದಿನ ಹಳೆಯ ಗಾರೆ ಗೋಡೆ, ನೀರಿನಲ್ಲಿ ಅದರ ನೆರಳು, ನಾರ್ತಂಬರ್‌ಲ್ಯಾಂಡಿನ ಬ್ಯಾಂಬರೋ ಕಡಲ ತೀರದ ಒದ್ದೆ ಮರಳು, ಇವು ಬೇರೆಯೇ ಮಟ್ಟದವು. ಒರಟು ಕಾಗದದ ಮೇಲೆ ಒಂದೇ ಸಲ ತೆಳುವಾಗಿ ಬಣ್ಣ ಹರಿಸಿ ಬಿಟ್ಟಿರುತ್ತಾರೆ. ಬಣ್ಣದ ಕಣಗಳು ಕಾಗದದ ಸಣ್ಣ ಹಳ್ಳಗಳಲ್ಲಿ ಇಳಿದು ಕೂತಿರುತ್ತವೆ. ಗೋಡೆಯ ಗಾರೆ ಅಲ್ಲೇ ತಾನಾಗಿ ಎದ್ದು ಬಂದಿರುತ್ತೆ.

ಪ್ರಿಂಟ್ ಕೊಳ್ಳುವಾಗ ನಾನು ಮೊದಲು ನೋಡೋದು ಆ ಗೋಡೆಯನ್ನೇ. ಮುಖ ಯಾವ ಪ್ರಿಂಟಿನಲ್ಲೂ ಸುಮಾರಾಗಿ ಬಂದಿರುತ್ತೆ. ಗೋಡೆ ಸತ್ತಿದೆಯಾ ಬದುಕಿದೆಯಾ ಅನ್ನೋದರಲ್ಲಿ ಅಚ್ಚಿನ ಯೋಗ್ಯತೆ ಗೊತ್ತಾಗುತ್ತೆ.

ಪೆನ್ಸಿಲ್ ಸಹಿಯ 850

ಜಾಸ್ತಿ ಸಿಗೋದು, ಜಾಸ್ತಿ ಜನ ಹುಡುಕೋದು ಇದನ್ನೇ. ಫ್ಲಿಂಟ್ ಬದುಕಿದ್ದಾಗ ಪ್ರಕಾಶಕರು ಅವರ ಜಲವರ್ಣಗಳ ಪ್ರಿಂಟ್ ಮಾಡಿಸಿ, ಒಂದೊಂದು ಹಾಳೆಯ ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲ್‌ನಿಂದ ಸಹಿ ಹಾಕಿಸಿ ಮಾರುತ್ತಿದ್ದರು. ಸಾಮಾನ್ಯವಾಗಿ ಒಂದು ಚಿತ್ರಕ್ಕೆ 850 ಹಾಳೆ. ಎಂಟುನೂರೈವತ್ತು ಅಂದರೆ ಕಡಿಮೆಯೇನಲ್ಲ, ಒಂದು ಸಾಧಾರಣ ಕಲ್ಯಾಣಮಂಟಪ ತುಂಬುತ್ತೆ. ಅಂಥ ಚಿತ್ರಗಳು ಹಲವಾರು. ಹಾಗಾಗಿ 'ಬಹಳ ಅಪರೂಪ' ಅಂತ ಯಾರಾದರೂ ಮಾರೋಕೆ ಬಂದರೆ ನಕ್ಕು ಸುಮ್ಮನಾಗಿ. ಇವತ್ತು ಬಿಟ್ಟರೆ ಇನ್ನಾರು ತಿಂಗಳಲ್ಲಿ ಅದೇ ಚಿತ್ರ ಇನ್ನೊಂದು ಹರಾಜಿಗೆ ಬರೋ ಸಾಧ್ಯತೆ ಚೆನ್ನಾಗೇ ಇದೆ.

ಇದರಲ್ಲಿ ಫ್ಲಿಂಟ್ ಕೈ ಸೋಕಿದ್ದು ಸಹಿ ಮಾತ್ರ. ಚಿತ್ರ ಫೋಟೊ ತೆಗೆದು ಯಂತ್ರದಲ್ಲಿ ಅಚ್ಚು ಹಾಕಿದ್ದು. ಕಸ್ಟಮ್ಸ್‌ನವರ ಪಟ್ಟಿ ಈ ವಿಷಯದಲ್ಲಿ ಕಲಾ ಗ್ಯಾಲರಿಗಳಿಗಿಂತ ಪ್ರಾಮಾಣಿಕ. ಕಲಾವಿದ ಕೈಯಿಂದ ಮಾಡಿದ ತಗಡು, ಕಲ್ಲಿನಿಂದ ನೇರವಾಗಿ ತೆಗೆದ ಪ್ರಿಂಟ್‌ಗೆ 97ನೇ ಅಧ್ಯಾಯದಲ್ಲಿ, ಅಂದರೆ ಕಲಾಕೃತಿಗಳ ಸಾಲಿನಲ್ಲಿ, ಜಾಗ. ಫೋಟೊ ಯಂತ್ರದ ಅಚ್ಚಿಗೆ ಅಲ್ಲಿ ಪ್ರವೇಶ ಇಲ್ಲ, ಸಹಿ ಇದ್ದರೂ ಅಷ್ಟೇ. ಅದು 49ನೇ ಅಧ್ಯಾಯದ ಮುದ್ರಿತ ಚಿತ್ರ. ಊರಿಗೆ ಕಳಿಸುವಾಗ ಕಾಗದ ಪತ್ರದಲ್ಲಿ ಏನು ಬರೆಯಬೇಕು ಅನ್ನೋದಕ್ಕೂ ಇದು ಗೊತ್ತಿರಬೇಕು.

ಅಂದಮೇಲೆ ಸಹಿ ಅಸಲಿಯೇ ಅಂತ ಖಾತ್ರಿ ಮಾಡಿಕೊಳ್ಳೋದೇ ಮುಖ್ಯ ಕೆಲಸ. ಹಾಳೆಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಪೆನ್ಸಿಲ್ ಗೆರೆ ಬೂದು ಬಣ್ಣದಲ್ಲಿ ಲೋಹದ ಹಾಗೆ ಮಿಂಚುತ್ತೆ. ಅಚ್ಚಾದ ಸಹಿ ಮಿಂಚಲ್ಲ. ಕೈ ಒತ್ತಿದ ಕಡೆ ಕಾಗದ ಕೂದಲೆಳೆಯಷ್ಟು ತಗ್ಗಿರುತ್ತೆ. ಹತ್ತು ಪಟ್ಟು ದೊಡ್ಡದು ಮಾಡುವ ಗಾಜಿನಲ್ಲಿ ನೋಡಿದರೆ ಸೀಸ ಕಾಗದದ ಉಬ್ಬುಗಳ ಮೇಲಷ್ಟೇ ಹತ್ತಿರುತ್ತೆ, ತಗ್ಗುಗಳನ್ನು ಹಾರಿ ಹೋಗಿರುತ್ತೆ. ಜಲವರ್ಣ ಮಾಡೋದರ ಸರಿಯಾಗಿ ಉಲ್ಟಾ. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಗಾಜು ಒಂದು ಜೇಬಿನಲ್ಲಿರಲಿ. ಅದಕ್ಕಿಂತ ಒಳ್ಳೆಯ ಸಲಹೆಗಾರ ನನಗೆ ಸಿಕ್ಕಿಲ್ಲ.

ಇನ್ನೊಂದು ಗುರುತು, ಅಂಚಿನ ಎಡ ಮೂಲೆಯ ಉಬ್ಬು ಮುದ್ರೆ. ಶಾಯಿ ಇಲ್ಲದೆ ಕಾಗದವನ್ನು ಒತ್ತಿ ಎಬ್ಬಿಸಿದ್ದು, ಬೆರಳಿಗೆ ಸಿಗುತ್ತೆ. ಇದು ಫೈನ್ ಆರ್ಟ್ ಟ್ರೇಡ್ ಗಿಲ್ಡ್‌ದು. 1847ರಲ್ಲಿ ಪ್ರಿಂಟ್ ಮಾರುವವರೇ ಕಟ್ಟಿಕೊಂಡ ಸಂಘ, 1910ರಲ್ಲಿ ಈ ಹೆಸರಾಯಿತು. ಹೇಳಿದ್ದಕ್ಕಿಂತ ಜಾಸ್ತಿ ಹಾಳೆ ಅಚ್ಚು ಹಾಕಿ ಮಾರದ ಹಾಗೆ ಕಾಯೋದು ಇದರ ಕೆಲಸ. ಮುದ್ರೆಯಲ್ಲಿ ಮೂರು ಅಕ್ಷರಗಳ ಗುರುತು ಇರುತ್ತೆ. ಮುದ್ರೆ ಇದ್ದ ಮಾತ್ರಕ್ಕೆ ಪೆನ್ಸಿಲ್ ಸಹಿ ಅಸಲಿ ಅಂತ ಆಗಲ್ಲ. ಸಹಿಯಿಂದಲೇ ಬೆಲೆ ಏರೋದಾದರೆ ಸಹಿ ಹಾಕೋ ಕೈಗಳೂ ಹುಟ್ಟಿಕೊಳ್ಳುತ್ತವೆ. ಆದರೂ ಎರಡೂ ಇದ್ದು, ಹಿಂದೆ ಹಳೆಯ ಗ್ಯಾಲರಿಯ ಚೀಟಿಯೂ ಅಂಟಿದ್ದರೆ ಧೈರ್ಯ ಬರುತ್ತೆ.

ನಂಬರಿನ ಬಗ್ಗೆ ಒಂದು ಮಾತು. ಎಷ್ಟೋ ಜನ 12/850 ಅಂತ ಇದ್ದರೆ ಒಳ್ಳೇದು, 812 ಆದರೆ ಕಡಿಮೆ ಅಂತ ತಿಳಿದಿರುತ್ತಾರೆ. ಯಂತ್ರದ ಅಚ್ಚಿನಲ್ಲಿ ಮೊದಲನೇ ಹಾಳೆಗೂ ಕೊನೇ ಹಾಳೆಗೂ ಕಣ್ಣಿಗೆ ಕಾಣೋ ವ್ಯತ್ಯಾಸ ಇರಲ್ಲ. ಯಾವ ಕ್ರಮದಲ್ಲಿ ಅಚ್ಚಾಯಿತೋ ಅದೇ ಕ್ರಮದಲ್ಲಿ ನಂಬರ್ ಬಿದ್ದಿರುತ್ತೆ ಅನ್ನೋದಕ್ಕೂ ಗ್ಯಾರಂಟಿ ಇಲ್ಲ. ಫ್ಲಿಂಟ್‌ನ ಹಲವು ಹಾಳೆಗಳಲ್ಲಂತೂ ನಂಬರೇ ಇರಲ್ಲ, ಸಹಿ ಮತ್ತು ಮುದ್ರೆ ಅಷ್ಟೇ. ಗಾಬರಿ ಬೇಡ, ಅದು ಕೊರತೆ ಅಲ್ಲ.

ನಂಬರಿಗಿಂತ ಬಣ್ಣ ನೋಡಿ. ಬಿಸಿಲು ಬೀಳೋ ಗೋಡೆಯಲ್ಲಿ ಮೂವತ್ತು ವರ್ಷ ನೇತಾಡಿದ ಪ್ರಿಂಟಿನಲ್ಲಿ ಹಳದಿ ಮತ್ತು ಕೆಂಪು ಶಾಯಿ ಮೊದಲು ಹಾರಿಹೋಗುತ್ತೆ. ನೀಲಿ, ಕಪ್ಪು ಉಳಿಯುತ್ತೆ. ಹಾಗಾಗಿ ಮೈಬಣ್ಣ ತಣ್ಣಗೆ, ನೀಲಿ ಬೂದಿಯ ಹಾಗೆ ಕಂಡರೆ ಅದು ಕಲಾವಿದನ ಉದ್ದೇಶ ಅಂದುಕೊಳ್ಳಬೇಡಿ, ಬಿಸಿಲಿನ ಕೆಲಸ. ಫ್ರೇಮ್ ಬಿಚ್ಚೋಕೆ ಬಿಟ್ಟರೆ ಮೌಂಟ್, ಅಂದರೆ ಚಿತ್ರದ ಸುತ್ತ ಇಡೋ ದಪ್ಪ ಕಾಗದದ ಚೌಕಟ್ಟು, ಎತ್ತಿ ನೋಡಿ. ಮೌಂಟ್ ಚಿತ್ರದ ಅಂಚನ್ನು ಸ್ವಲ್ಪ ಮುಚ್ಚಿದ್ದರೆ ಅಲ್ಲಿ ಮೂಲ ಬಣ್ಣ ಸಿಗುತ್ತೆ. ಬಿಚ್ಚೋಕೆ ಬಿಡಲ್ಲ ಅಂದರೆ ಬೆಲೆ ಇಳಿಸೋಕೆ ಹೇಳಿ.

ಅಂಚು ಕತ್ತರಿಸಿದ್ದಾರಾ ಅಂತಲೂ ನೋಡಿ. ಫ್ರೇಮ್ ಚಿಕ್ಕದಾಯಿತು ಅಂತ ಹಾಳೆಯನ್ನೇ ಕತ್ತರಿಸಿ ಕೂರಿಸುವವರು ಎಲ್ಲ ದೇಶದಲ್ಲೂ ಇದ್ದಾರೆ. ಅಂಚು ಹೋದರೆ ಗಿಲ್ಡ್ ಮುದ್ರೆಯೂ ಹೋಯಿತು.

ಬೆಲೆ? ನಾನು ನೋಡಿದಂತೆ ಸಣ್ಣ ಊರಿನ ಹರಾಜುಗಳಲ್ಲಿ ನೂರು, ಇನ್ನೂರು ಪೌಂಡ್ ಆಸುಪಾಸು. ಅದೇ ಚಿತ್ರ ಗ್ಯಾಲರಿಯಲ್ಲಿ ಹೊಸ ಫ್ರೇಮ್ ಹಾಕಿಕೊಂಡು ನಿಂತರೆ ಅದರ ಕೆಲವು ಪಟ್ಟು. 'ವೇರಿಯೇಷನ್ಸ್ ಆನ್ ಎ ಥೀಮ್' ಥರದ ಹೆಸರಾದ ಚಿತ್ರಗಳಿಗೆ ಇನ್ನೂ ಜಾಸ್ತಿ. ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆಯೇ ಕೊನೆ ಅಲ್ಲ. ಹರಾಜಿನವರ ಕಮಿಷನ್ ಸಾಮಾನ್ಯವಾಗಿ ಕಾಲು ಭಾಗದ ಹತ್ತಿರ ಇರುತ್ತೆ, ಅದರ ಮೇಲೆ ವ್ಯಾಟ್. ನನ್ನ ರೂಮ್‌ಮೇಟ್ ಲೆಕ್ಕ ಹಾಕುವಾಗ ಇದನ್ನೇ ಮರೆತಿದ್ದ.

ಅವರು ಹೋದ ಮೇಲೆ ಬಂದವು

1969ರ ನಂತರವೂ ಪ್ರಿಂಟ್‌ಗಳು ಬಂದವು. ಇವುಗಳಲ್ಲಿ ಕೈ ಸಹಿ ಇರೋಕೆ ಸಾಧ್ಯವಿಲ್ಲ. ಅದರ ಬದಲು ಉಬ್ಬು ಮುದ್ರೆ ಮತ್ತು ಸೀಮಿತ ಸಂಖ್ಯೆ ಇರುತ್ತೆ. ಪ್ರಕಾಶನದ ವರ್ಷ ಹಾಳೆಯ ಅಂಚಿನಲ್ಲೋ ಹಿಂದಿನ ಚೀಟಿಯಲ್ಲೋ ಇದ್ದರೆ ಓದಿ. 1970ರ ನಂತರದ ಹಾಳೆಯಲ್ಲಿ ಪೆನ್ಸಿಲ್ ಸಹಿ ಕಂಡರೆ ಅಂಗಡಿಯಿಂದ ಹೊರಗೆ ಬನ್ನಿ.

ಬೆಲೆ ಕಡಿಮೆ. ಅಚ್ಚಿನ ಗುಣಮಟ್ಟ ಮಾತ್ರ ಎಷ್ಟೋ ಸಲ ಹಳೆಯದ್ದಕ್ಕೆ ಸಮ. ಗೋಡೆಯ ಮೇಲೆ ಚಿತ್ರ ಇದ್ದರೆ ಸಾಕು, ಮಾರೋ ಯೋಚನೆ ಇಲ್ಲ ಅನ್ನೋರಿಗೆ ಇದೇ ಸರಿ. ಸಹಿಗೆ ಅಂತ ನೂರು ಪೌಂಡ್ ಜಾಸ್ತಿ ಕೊಡೋ ಬದಲು ಆ ದುಡ್ಡಿಗೆ ಒಳ್ಳೆ ಫ್ರೇಮ್ ಹಾಕಿಸಿ. ನನ್ನ ಮನೆಯಲ್ಲಿ ಈಗ ಕಾಣೋ ಜಾಗದಲ್ಲಿರೋದು ಇಂಥದ್ದೇ ಒಂದು, ಬಟ್ಟೆ ಒಗೆಯುವ ಹೆಂಗಸರದ್ದು. ಬಂದವರು ಯಾರೂ ಇದುವರೆಗೆ ಸಹಿ ಎಲ್ಲಿ ಅಂತ ಕೇಳಿಲ್ಲ. 'ಇದ್ಯಾವ ಹೊಳೆ' ಅಂತ ಕೇಳಿದ್ದಾರೆ.

ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಫ್ಲಿಂಟ್ ಕೊಳ್ಳೋ ಮೊದಲು ಯಾವ ಗೋಡೆ ಅಂತ ಮನೆಯವರ ಜೊತೆ ಮಾತಾಡಿ. ಬೆತ್ತಲೆ ಚಿತ್ರ ತಂದು, ಅತ್ತೆ ಬರುವಾಗಲೆಲ್ಲ ಬೀರುವಿನ ಹಿಂದೆ ಬಚ್ಚಿಡುವ ಸ್ಥಿತಿ ನನ್ನ ಗೆಳೆಯನೊಬ್ಬನದ್ದು. ವರ್ಷದಲ್ಲಿ ನಾಲ್ಕು ತಿಂಗಳು ಆ ಪ್ರಿಂಟ್ ಕತ್ತಲಲ್ಲಿರುತ್ತೆ. ಬಣ್ಣ ಉಳಿಯೋಕೆ ಒಳ್ಳೇದೇ ಬಿಡಿ.

ಪುಸ್ತಕದಿಂದ ಕಿತ್ತ ಪುಟಗಳು

ಇವು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೆಡಿಚಿ ಸೊಸೈಟಿಯ ರಿಕಾರ್ಡಿ ಪ್ರೆಸ್ 1910, 1911ರಲ್ಲಿ ಆರ್ಥರ್ ರಾಜನ ಕತೆಯನ್ನು ನಾಲ್ಕು ಸಂಪುಟಗಳಲ್ಲಿ ತಂದಿತ್ತು. ಅದಕ್ಕೆ ಫ್ಲಿಂಟ್ ಬರೆದದ್ದು 48 ಬಣ್ಣದ ಚಿತ್ರ. ಕೈಯಲ್ಲಿ ಮಾಡಿದ ಕಾಗದದ ಮೇಲೆ ಅಚ್ಚಾದದ್ದು 500 ಪ್ರತಿ. ಅಂದರೆ ಸಹಿ ಮಾಡಿದ 850ಕ್ಕಿಂತ ಕಡಿಮೆ! ಇಂಥ ಪುಸ್ತಕಗಳ ಹೊಲಿಗೆ ಬಿಚ್ಚಿ, ಪುಟಗಳನ್ನು ಒಂದೊಂದಾಗಿ ಮೌಂಟ್ ಮಾಡಿ ಮಾರುತ್ತಾರೆ. ಆಮೇಲೆ ಬಂದ ಅಗ್ಗದ ಆವೃತ್ತಿಗಳ ಪುಟಗಳೂ ಅದರ ಜೊತೆ ಸೇರಿರುತ್ತವೆ, ಹಾಗಾಗಿ ಯಾವ ಆವೃತ್ತಿ ಅಂತ ಕೇಳಿ.

ಬೆಲೆ ಕಡಿಮೆ, ಅಳತೆ ಸಣ್ಣದು, ಚಿತ್ರಗಳು ಸೊಗಸಾಗಿವೆ. ಆದರೆ ನೂರು ವರ್ಷದ ಪುಸ್ತಕ ಹರಿದು ಮಾರುವವರಿಗೆ ದುಡ್ಡು ಕೊಡೋಕೆ ನನಗೆ ಮನಸ್ಸು ಬರಲ್ಲ. ಮೊದಲೇ ಹೊಲಿಗೆ ಬಿಟ್ಟುಹೋಗಿ ಅರ್ಧ ಪುಟ ಕಳೆದುಹೋದ ಪುಸ್ತಕದ್ದಾದರೆ ಸರಿ. ಅದನ್ನು ಕಂಡುಹಿಡಿಯೋದು ಹೇಗೆ ಅಂತ ಕೇಳಿದರೆ, ಹಾಗಾಗೇ ನಾನು ಕೊಳ್ಳಲ್ಲ.

ಬಣ್ಣ ಇಲ್ಲದ ಆ ಸಣ್ಣದು

ಈಗ ಮ್ಯಾಂಚೆಸ್ಟರಿನ ಜಗಳಕ್ಕೆ ಬರೋಣ.

1920ರ ದಶಕದ ಕೊನೆಯಲ್ಲಿ, 1930ರ ದಶಕದ ಶುರುವಿನಲ್ಲಿ ಫ್ಲಿಂಟ್ ಡ್ರೈಪಾಯಿಂಟ್‌ಗಳನ್ನು ಮಾಡಿದರು. ತಾಮ್ರದ ತಗಡಿನ ಮೇಲೆ ಉಕ್ಕಿನ ಮೊನೆಯಿಂದ ನೇರವಾಗಿ ಗೀರೋದು. ಆಸಿಡ್ ಇಲ್ಲ, ಫೋಟೊ ಇಲ್ಲ. ನೇಗಿಲು ಹೋದಾಗ ಸಾಲಿನ ಎರಡೂ ಕಡೆ ಮಣ್ಣು ಏಳುತ್ತಲ್ಲ, ಹಾಗೆ ಗೀರಿನ ಅಕ್ಕಪಕ್ಕ ತಾಮ್ರದ ಸಣ್ಣ ಬದು ಏಳುತ್ತೆ. ಶಾಯಿ ಬಳಿದರೆ ಗೀರಿನಲ್ಲೂ ನಿಲ್ಲುತ್ತೆ, ಆ ಬದುವಿನಲ್ಲೂ ಸಿಕ್ಕಿಕೊಳ್ಳುತ್ತೆ. ಒದ್ದೆ ಕಾಗದ ಇಟ್ಟು ಒತ್ತಿದಾಗ ಗೆರೆಯ ಪಕ್ಕದಲ್ಲಿ ಮಖಮಲ್ಲಿನಂಥ ಮೆತ್ತನೆಯ ಕಪ್ಪು ಹರಡುತ್ತೆ. ಕಾಡಿಗೆ ಹಚ್ಚಿದ ಕಣ್ಣನ್ನು ಸ್ವಲ್ಪ ಉಜ್ಜಿದ ಹಾಗೆ.

ಒತ್ತುತ್ತಾ ಹೋದ ಹಾಗೆ ಆ ಬದು ಚಪ್ಪಟೆಯಾಗುತ್ತೆ. ಗೆರೆ ಬಡಕಲಾಗುತ್ತೆ. ಅದಕ್ಕೇ ಡ್ರೈಪಾಯಿಂಟ್ ಪ್ರತಿಗಳ ಸಂಖ್ಯೆ 850ರ ಹತ್ತಿರಕ್ಕೂ ಹೋಗಲ್ಲ. ಇಲ್ಲಿ ಮೊದಲ ಹಾಳೆ, ಕೊನೆ ಹಾಳೆ ಅನ್ನೋದಕ್ಕೆ ನಿಜವಾಗಿಯೂ ಅರ್ಥ ಇದೆ. ಇಂಥ ಪ್ರಿಂಟ್‌ಗೆ ಸಂಖ್ಯೆಯ ಮಿತಿ ಹಾಕುತ್ತಿದ್ದದ್ದಕ್ಕೆ ತಗಡು ಸವೆಯೋದೂ ಒಂದು ಕಾರಣ. ಫೋಟೊ ಯಂತ್ರದಲ್ಲಿ ಅಷ್ಟು ಬೇಗ ಸವೆಯೋದು ಏನೂ ಇಲ್ಲ, ಅಲ್ಲಿ ಮಿತಿ ಅಂಗಡಿಯವನ ತೀರ್ಮಾನ.

ಕೈಗೆ ಬಂದಾಗ ಹೇಗೆ ಗುರುತಿಸೋದು? ಚಿತ್ರದ ಸುತ್ತ ಬೆರಳು ಆಡಿಸಿ. ತಗಡಿನ ಅಂಚು ಕಾಗದದಲ್ಲಿ ಒತ್ತಿ ಕೂತ ಚೌಕ ಸಿಗುತ್ತೆ. ಗಾಜಿನಲ್ಲಿ ನೋಡಿದರೆ ಚುಕ್ಕಿ ಇರಲ್ಲ. ಶಾಯಿ ಕಾಗದದ ಮೇಲೆ ಒಣಗಿದ ಕೆಸರಿನ ಹಾಗೆ ಒಂಚೂರು ಎದ್ದು ನಿಂತಿರುತ್ತೆ. ಕೆಳಗೆ ಪೆನ್ಸಿಲ್ ಸಹಿ ಇರುತ್ತೆ. ಇಲ್ಲಿ ಸಹಿ ಹಾಕಿದ ಕೈಯೇ ಗೆರೆಯನ್ನೂ ಎಳೆದಿದೆ.

ಇಷ್ಟಿದ್ದೂ ಬೆಲೆ ಯಾಕೆ ಬಣ್ಣದ ಯಂತ್ರದ ಅಚ್ಚಿನಷ್ಟೇ ಇದೆ? ಒಂದು, ಬ್ರಿಟನ್ನಿನಲ್ಲಿ ಎಚಿಂಗ್ (ಲೋಹದ ತಗಡನ್ನು ಆಸಿಡ್‌ನಿಂದ ಕೊರೆದು ಅಚ್ಚು ಹಾಕೋದು) ಹುಚ್ಚು 1920ರ ದಶಕದಲ್ಲಿ ಏರಿ, 1929ರ ಷೇರುಪೇಟೆ ಕುಸಿತದ ನಂತರ ಬಿದ್ದೇ ಹೋಯಿತು. ಆ ಕಾಲದ ತಾಮ್ರದ ಕೆಲಸಕ್ಕೆ ಹಳೆಯ ಬೆಲೆ ಪೂರ್ತಿಯಾಗಿ ಮತ್ತೆ ಬರಲಿಲ್ಲ. ಇನ್ನೊಂದು, ಫ್ಲಿಂಟ್ ಹೆಸರು ಹೇಳಿ ಬರುವವರು ನನ್ನ ರೂಮ್‌ಮೇಟ್ ಥರ ಬಣ್ಣ ಹುಡುಕಿಕೊಂಡು ಬರುತ್ತಾರೆ. ಕೊಳ್ಳುವವರಿಗೆ ಇದು ಅದೃಷ್ಟ ಅಂತಲೇ ನಾನು ಹೇಳೋದು.

ಕೊರತೆ ಇಲ್ಲವೇ ಅಂದರೆ ಇದೆ. ಒದ್ದೆ ಮರಳು, ಗಾರೆ ಗೋಡೆ, ಅವರನ್ನು ಫ್ಲಿಂಟ್ ಮಾಡಿದ್ದೇ ಯಾವುದೋ ಅದು ಇಲ್ಲಿ ಇಲ್ಲ. ಹತ್ತಡಿ ದೂರದ ಸೋಫಾದಿಂದ ನೋಡೋಕೆ ಇದು ಸರಿಹೋಗಲ್ಲ. ಓದುವ ಮೇಜಿನ ಪಕ್ಕ, ಮೂಗು ತಾಗಿಸಿ ನೋಡೋ ಜಾಗ ಬೇಕು.

ಮೂಲ ಜಲವರ್ಣ, ಹೊಸ ಝೀಕ್ಲೇ

ಮೂಲ ಚಿತ್ರ ಕೊಳ್ಳೋ ಶಕ್ತಿ ಇದ್ದರೆ ಈ ಬರಹ ಓದುತ್ತಾ ಕೂತಿರಲ್ಲ ನೀವು. ಸಾವಿರಾರು ಪೌಂಡಿನಿಂದ ಶುರು, ದೊಡ್ಡವು ಹತ್ತಾರು ಸಾವಿರ. ಹರಾಜು ಮನೆಯವರ ಲಿಖಿತ ಭರವಸೆ ಇಲ್ಲದೆ ಮುಟ್ಟಬೇಡಿ. ಕೊಳ್ಳದಿದ್ದರೂ ಪರವಾಗಿಲ್ಲ, ಹರಾಜಿಗೆ ಮುಂಚಿನ ಪ್ರದರ್ಶನದ ದಿನ ಹೋಗಿ ಒಂದು ಮೂಲವನ್ನು ಹತ್ತಿರದಿಂದ ನೋಡಿ ಬನ್ನಿ, ಪುಕ್ಕಟೆ. ಆಮೇಲೆ ಪ್ರಿಂಟ್ ನೋಡುವ ಕಣ್ಣೇ ಬದಲಾಗುತ್ತೆ.

ಝೀಕ್ಲೇ ಅಂದರೆ ಒಳ್ಳೆಯ ಇಂಕ್‌ಜೆಟ್ ಪ್ರಿಂಟ್, ಅದಕ್ಕೊಂದು ಫ್ರೆಂಚ್ ಹೆಸರು. ಕಂಪ್ಯೂಟರಿನಲ್ಲಿ ಒತ್ತಿದಾಗ ಬರುತ್ತೆ. ಬಣ್ಣ ಚೆನ್ನಾಗಿ ನಿಲ್ಲುತ್ತೆ, ಸಂಗ್ರಹದ ಬೆಲೆ ಇಲ್ಲ. ಬ್ರಿಟನ್ನಿನಲ್ಲಿ ಫ್ಲಿಂಟ್ ಚಿತ್ರಗಳ ಹಕ್ಕುಸ್ವಾಮ್ಯ 2039ರ ಕೊನೆಯವರೆಗೆ ಇದೆ, ಹಾಗಾಗಿ ಅನುಮತಿ ಯಾರದ್ದು ಅಂತ ಒಂದು ಮಾತು ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಊರಿಗೆ ತಂದ ಮೇಲೆ

ಇಂಗ್ಲೆಂಡಿನ ಚಳಿಗೆ ಒಗ್ಗಿದ ಕಾಗದಕ್ಕೆ ನಮ್ಮ ಮಲೆನಾಡು, ಕರಾವಳಿಯ ಮಳೆಗಾಲ ಯಮ. ಹಾಳೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕಿಗಳು ಏಳುತ್ತವೆ. ಅದಕ್ಕೆ ತೇವ ಸಿಕ್ಕಿದರೆ ಸಾಕು. ಹೊರಗೋಡೆಗೆ ಹಾಕಬೇಡಿ, ಒಳಗೋಡೆಗೆ ಹಾಕಿ. ಬಚ್ಚಲುಮನೆಯ ಪಕ್ಕದ ಗೋಡೆ ಬೇಡವೇ ಬೇಡ. ಫ್ರೇಮಿನ ಹಿಂಬದಿ ಗೋಡೆಗೆ ಅಂಟಿಕೊಳ್ಳದ ಹಾಗೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ಚೂರು ಅಂಟಿಸಿ, ಗಾಳಿ ಆಡಲಿ.

ಫ್ರೇಮ್ ಹಾಕುವವರಿಗೆ ಮೂರು ಮಾತು ಮೊದಲೇ ಹೇಳಿ. ಆಸಿಡ್ ಇಲ್ಲದ ಮೌಂಟ್ ಬೇಕು. ಹಾಳೆಗೆ ಸೆಲ್ಲೊಟೇಪ್ ತಾಗಬಾರದು. ಹಿಂದೆ ಹಾರ್ಡ್‌ಬೋರ್ಡ್ ನೇರವಾಗಿ ಹಾಳೆಗೆ ಒತ್ತಬಾರದು. ಅಗ್ಗದ ಮೌಂಟ್ ಹಾಕಿದರೆ ಹತ್ತು ಹದಿನೈದು ವರ್ಷದಲ್ಲಿ ಅದರ ಅಂಚಿನುದ್ದಕ್ಕೂ ಕಾಗದದ ಮೇಲೆ ಚಹಾ ಕಲೆಯಂಥ ಗೆರೆ ಮೂಡುತ್ತೆ. ನೇರಳಾತೀತ ಕಿರಣ ತಡೆಯೋ ಗಾಜು ಬೆಂಗಳೂರಿನಲ್ಲಿ ಸಿಗುತ್ತೆ, ದುಬಾರಿ. ಕಿಟಕಿ ಎದುರು ನೇತುಹಾಕದೇ ಇದ್ದರೆ ಅರ್ಧ ಕೆಲಸ ಪುಕ್ಕಟೆ ಆಗುತ್ತೆ.

ಹಳೆಯ ಫ್ರೇಮ್ ಬಿಚ್ಚಿದಾಗ ಹಿಂದಿನ ಚೀಟಿಗಳನ್ನು ಎಸೆಯಬೇಡಿ. ಗ್ಯಾಲರಿಯ ಹೆಸರು, ಹಳೆಯ ಬೆಲೆ, ಯಾರೋ ಯಾರಿಗೋ ಮದುವೆ ಉಡುಗೊರೆ ಕೊಟ್ಟ ಸಾಲು, ಎಲ್ಲ ಒಂದು ಲಕೋಟೆಯಲ್ಲಿ ಹಾಕಿ ಹೊಸ ಫ್ರೇಮಿನ ಹಿಂದೆ ಅಂಟಿಸಿ.

ಅಂದಹಾಗೆ ರೂಮ್‌ಮೇಟ್ ಕೊನೆಗೆ ನನ್ನ ಮಾತು ಕೇಳಲಿಲ್ಲ. ಸಹಿ ಇದ್ದ ಬಣ್ಣದ್ದನ್ನೇ ತಗೊಂಡ. ಕಮಿಷನ್ ಸೇರಿ ಅಂದುಕೊಂಡದ್ದಕ್ಕಿಂತ ಐವತ್ತು ಪೌಂಡ್ ಜಾಸ್ತಿಯಾಯಿತು. ಡ್ರೈಪಾಯಿಂಟ್‌ಗೆ ಕೈ ಎತ್ತಿದ್ದು ಒಬ್ಬರೇ ಅಂತೆ, ವಯಸ್ಸಾದ ಹೆಂಗಸು, ಕೊರಳಲ್ಲಿ ದಾರಕ್ಕೆ ಭೂತಗನ್ನಡಿ ಕಟ್ಟಿಕೊಂಡಿದ್ದರಂತೆ. ಮೌಂಟ್ ಎತ್ತಿ ನೋಡಿದೆಯಾ ಅಂತ ಕೇಳಿದೆ. ಎರಡು ದಿನ ಬಿಟ್ಟು ಫೋಟೊ ಕಳಿಸಿದ. ಎಡಗಡೆ ಮೌಂಟ್ ಚಿತ್ರದ ಮೇಲೆ ಬೆರಳಿನಗಲ ಹತ್ತಿ ಕೂತಿತ್ತು. ಅದರ ಅಡಿಯಲ್ಲಿದ್ದ ಪಟ್ಟಿಯಲ್ಲಿ ನರ್ತಕಿಯ ಶಾಲು ಕುಂಕುಮದ ಕೆಂಪು. ಹೊರಗಿದ್ದ ಶಾಲು ಒಣಗಿದ ಇಟ್ಟಿಗೆ.